ಸೌದೆ ಶೆಡ್ಡಿನ ನಾಲ್ಕನೇ ಕಂಬ

ಮನೆ ಎಂದರೆ ಮನುಷ್ಯರು ವಾಸ ಮಾಡುವ ಜಾಗ ಎಂದು ತಿಳಿದುಕೊಂಡವರು ಒಂದು ಸಲ ಕತ್ತರಿ ಸಾಹೇಬರ ಮನೆಗೆ ಹೋಗಿ ನೋಡಬೇಕಿತ್ತು. ಅಲ್ಲಿ ವಾಸವಾಗಿದ್ದದ್ದು ಸೌದೆ. ಮನುಷ್ಯರು ಅದರ ಸಂದುಗೊಂದಿಗಳಲ್ಲಿ ಹೇಗೋ ಕಾಲ ಹಾಕುತ್ತಿದ್ದರು. ಮಂಚದ ಕೆಳಗೆ ಸೌದೆ, ಸೋಫಾದ ಹಿಂದೆ ಸೌದೆ, ಬಚ್ಚಲುಮನೆಯ ಬಾಗಿಲ ಮರೆಯಲ್ಲಿ ಸೌದೆ. ಮನೆಗೆ ಬಂದ ನೆಂಟರು ಇದೇನೋ ಹೊಸ ನಮೂನೆಯ ಸ್ಟೂಲು ಎಂದುಕೊಂಡು ಮರದ ಬೊಡ್ಡೆಯ ಮೇಲೆ ಕೂತು, ಏಳುವಾಗ ಹಿಂಭಾಗಕ್ಕೆ ತೊಗಟೆ ಅಂಟಿಸಿಕೊಂಡು ಹೋಗುತ್ತಿದ್ದರು. (ಅಷ್ಟು ತೊಗಟೆ ನಷ್ಟವಾಯಿತಲ್ಲ ಎಂದು ಸಾಹೇಬರು ಒಳಗೊಳಗೇ ಸಂಕಟಪಡುತ್ತಿದ್ದರು.)

ಕತ್ತರಿ ಸಾಹೇಬರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಆಫೀಸಿನವರು ಕಟ್ಟಿದ ಬಿರುದು. ಅವರು ಕಟ್ಟಡ ಇಲಾಖೆಯ ಲೆಕ್ಕಪತ್ರ ವಿಭಾಗದಲ್ಲಿ ದೊಡ್ಡ ಕುರ್ಚಿಯಲ್ಲಿ ಕೂರುವವರು. ಯಾರೇ ಎಸ್ಟಿಮೇಟು ತಂದು ಮೇಜಿನ ಮೇಲಿಟ್ಟರೂ ಕೆಂಪು ಪೆನ್ಸಿಲ್ಲು ತಾನಾಗಿಯೇ ಎದ್ದು ನಿಲ್ಲುತ್ತಿತ್ತು. ಒಮ್ಮೆ ಒಂದು ವಿಭಾಗದವರು ಹತ್ತು ಕುರ್ಚಿ ಬೇಕೆಂದಾಗ ಏಳನ್ನು ಮಂಜೂರು ಮಾಡಿ, 'ಯಾವ ದಿನ ನೋಡಿದರೂ ಮೂರು ಜನ ರಜೆಯಲ್ಲಿರುತ್ತಾರೆ' ಎಂದು ಪಕ್ಕದಲ್ಲಿ ಬರೆದಿದ್ದರು. ಇನ್ನೊಮ್ಮೆ ಒಬ್ಬ ಎಂಜಿನಿಯರು ಒಂದೇ ಇಟ್ಟಿಗೆಯ ರಾಶಿಯನ್ನು ಗೋಡೆಗೂ ತೋರಿಸಿ ಚರಂಡಿಗೂ ತೋರಿಸಿ ಎರಡು ಬಿಲ್ಲು ಮಾಡಿಕೊಂಡಿದ್ದನ್ನು ಹಿಡಿದು, ಅವನಿಂದ ಕೊನೆಯ ಕಾಸಿನವರೆಗೂ ವಸೂಲಿ ಮಾಡಿದ್ದರು. ಈ ಕಥೆಯನ್ನು ಅವರು ಯಾವ ಮದುವೆಮನೆಗೆ ಹೋದರೂ ಊಟದ ಸಾಲಿನಲ್ಲಿ ಹೇಳುತ್ತಿದ್ದರು. ಅಕ್ಕಪಕ್ಕದವರು ಬೇಗ ಬೇಗ ಉಂಡು ಏಳುತ್ತಿದ್ದರು.

ಮನೆಯಲ್ಲೂ ಅದೇ ಆಡಳಿತ. ದುಡ್ಡಿನ ಬೀರುವಿನ ಕೀಲಿಕೈ ಸದಾ ಅವರ ಅಂಗಿಯ ಎದೆಯ ಜೇಬಿನಲ್ಲಿ, ಹೃದಯಕ್ಕೆ ಆದಷ್ಟು ಹತ್ತಿರದಲ್ಲಿ ಇರುತ್ತಿತ್ತು. ಸೌಟಿನ ಹಿಡಿ ಮುರಿಯಿತು, ಹೊಸ ಸೌಟು ಬೇಕು ಎಂದು ಮನೆಯಾಕೆ ಕೇಳಿದರೆ, ಹಿಡಿಗೆ ಮಾತ್ರ ಹಣ ಮಂಜೂರಾಗುತ್ತಿತ್ತು. ಮದುವೆಯಾದ ಮೊದಲಲ್ಲಿ ಆಕೆ ಇದಕ್ಕೆ ಅತ್ತಳು. ಆಮೇಲೆ ಜಗಳವಾಡಿದಳು. ಈಗ ಸುಮ್ಮನೆ ಕಾಯುತ್ತಿದ್ದಳು. ಕಾಯುವ ಹೆಂಗಸು ಎಷ್ಟು ಅಪಾಯಕಾರಿ ಎಂಬುದು ಲೆಕ್ಕಪತ್ರ ವಿಭಾಗದವರಿಗೆ ತಿಳಿದಿರುವುದಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಮಂಚದ ಕೆಳಗಿನ ಸೌದೆಯಿಂದ ಒಂದು ಜರಿ ಹೊರಬಂದು, ನಿಧಾನವಾಗಿ ನಡೆದು, ಸಾಹೇಬರ ತಾಯಿಯ ದಿಂಬನ್ನು ಏರಿತು. ಬೀದಿಯವರೆಲ್ಲ ದೊಡ್ಡಮ್ಮ ಎಂದು ಕರೆಯುವ ಆ ಹಿರಿಯ ಜೀವಕ್ಕೆ ಮಂಡಿನೋವು, ಎದ್ದು ನಿಲ್ಲಬೇಕಾದರೆ ಇಬ್ಬರು ಹಿಡಿಯಬೇಕು. ಅಂಥವರು ಆವತ್ತು ಒಂದೇ ನೆಗೆತಕ್ಕೆ ಮಂಚದಿಂದ ಊಟದ ಮೇಜಿಗೆ ಹಾರಿ ನಿಂತರು.

"ಮಗಾ, ನಾನು ಸತ್ತ ಮೇಲೆ ಸೌದೆ ಹೇಗೂ ಬೇಕು ಅಂತ ಈಗಲೇ ನನ್ನ ಕೆಳಗೆ ಜೋಡಿಸಿ ಇಟ್ಟಿದ್ದೀಯಾ?" ಎಂದು ಮೇಜಿನ ಮೇಲಿಂದಲೇ ಕೂಗಿದರು.

ಮನೆಯಾಕೆ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಳು. "ರೀ, ಈ ಮನೆಯಿಂದ ಸೌದೆ ಹೊರಗೆ ಹೋಗುತ್ತೋ, ನಾನು ಹೋಗಲೋ? ಎರಡರಲ್ಲೊಂದು ಹೇಳಿಬಿಡಿ."

ಸಾಹೇಬರು ಬೆರಳು ಮಡಚತೊಡಗಿದರು. (ಎರಡರಲ್ಲಿ ಯಾವುದು ಅಗ್ಗ ಎಂದು ಲೆಕ್ಕ ಹಾಕುತ್ತಿದ್ದರು. ಹೆಂಡತಿ ಅದನ್ನು ಅವರ ಮುಖದಲ್ಲೇ ಓದಿಬಿಟ್ಟಳು.) ಆಮೇಲೆ ಗಂಟಲು ಸರಿಮಾಡಿಕೊಂಡು, ಹಿತ್ತಲಲ್ಲಿ ಒಂದು ಸೌದೆ ಶೆಡ್ಡು ನಿರ್ಮಿಸಲು ತಾತ್ವಿಕ ಒಪ್ಪಿಗೆ ನೀಡಲಾಗಿದೆ ಎಂದು ಘೋಷಿಸಿದರು.

ಮರುದಿನ ಬಡಗಿ ಬಂದ. ಹಿತ್ತಲನ್ನು ಟೇಪಿನಲ್ಲಿ ಅಳೆದ. ಕಿವಿಯ ಮೇಲಿದ್ದ ಪೆನ್ಸಿಲ್ಲು ತೆಗೆದು ಒಂದು ಹಲಗೆಯ ಚೂರಿನ ಮೇಲೆ ಏನೇನೋ ಗೀಚಿದ.

"ನಾಲ್ಕು ಕಂಬ, ಮೇಲೆ ತಗಡು, ಮೂರು ಕಡೆ ಹಲಗೆ, ಮುಂದೆ ಬಾಗಿಲು, ಕೆಳಗೆ ಇಟ್ಟಿಗೆ ಹಾಸು. ನನ್ನ ಕೂಲಿ ಸೇರಿ ಹನ್ನೆರಡು ಸಾವಿರ ಆಗುತ್ತೆ ಸಾರ್."

ಸಾಹೇಬರು ಎದೆ ಹಿಡಿದುಕೊಂಡರು. ಕೀಲಿಕೈ ಇದ್ದಲ್ಲೇ ಇತ್ತು. ಧೈರ್ಯ ಬಂತು. ಕೆಂಪು ಪೆನ್ಸಿಲ್ಲು ಹೊರಗೆ ಬಂತು.

"ಬಾಗಿಲು ಯಾಕಪ್ಪಾ? ಸೌದೆ ಎದ್ದು ಓಡಿಹೋಗುತ್ತಾ?"

"ಇರಚಲು ಹೊಡೆಯುತ್ತಲ್ಲ ಸಾರ್..."

"ಮಳೆ ಮೇಲಿಂದ ತಾನೇ ಬರೋದು? ಬಾಗಿಲು ತಟ್ಟಿ ಬರುತ್ತಾ? ಹೊಡಿ ಅದನ್ನ. ಇನ್ನು ಈ ಇಟ್ಟಿಗೆ ಹಾಸು. ನೆಲ ಈಗಾಗಲೇ ಇದೆಯಲ್ಲ? ಭೂಮಿ ಹುಟ್ಟಿದಾಗಿನಿಂದ ಇದೆ. ಇರೋದಕ್ಕೆ ಮತ್ತೆ ದುಡ್ಡು ಕೊಡೋದು ಯಾವ ನ್ಯಾಯ? ಹಲಗೆ ಯಾತಕ್ಕೆ?"

"ಗೋಡೆಗೆ ಸಾರ್."

"ಸೌದೆಯನ್ನ ಒತ್ತಾಗಿ ಒಟ್ಟಿದರೆ ಅದೇ ಗೋಡೆ ಅಲ್ವಾ?"

ಇಷ್ಟು ಹೇಳಿದವರೇ ಸಾಹೇಬರು ಹಿತ್ತಲಿನ ಕಾಂಪೌಂಡ್ ಗೋಡೆಯ ಕಡೆ ತಿರುಗಿದರು. ಅವರ ಕಣ್ಣಿನಲ್ಲಿ ಒಂದು ಬೆಳಕು ಕಾಣಿಸಿತು. ದೊಡ್ಡ ದೊಡ್ಡ ಅನಾಹುತಗಳೆಲ್ಲ ಲೋಕದಲ್ಲಿ ಹೀಗೆ ಒಂದು ಬೆಳಕಿನಿಂದಲೇ ಶುರುವಾಗುವುದು.

"ಅಲ್ಲಯ್ಯಾ, ಹಾಗಾದರೆ ಕಂಬ ಯಾಕೆ? ಹಿಂದೆ ನಮ್ಮ ಕಾಂಪೌಂಡ್ ಗೋಡೆ ಇದೆ. ಮುಂದೆ ಎಡಕ್ಕೊಂದು, ಬಲಕ್ಕೊಂದು ಸೌದೆಯ ಒಟ್ಟಲು ಆಳೆತ್ತರ ಒಟ್ಟೋದು. ಮೇಲೆ ತಗಡು ಹಾಸೋದು. ಉಳಿದ ಸೌದೆಯನ್ನ ಮಧ್ಯೆ ತುಂಬೋದು. ಮುಗೀತು!"

ಬಡಗಿ ತಲೆ ಕೆರೆದುಕೊಂಡ. "ಸಾರ್, ಸೌದೆ ಉರಿಸೋದಕ್ಕಲ್ವಾ?"

"ಉರಿಸೋದಕ್ಕೂ ಹೌದು, ಹೊರೋದಕ್ಕೂ ಹೌದು. ಒಂದೇ ವಸ್ತು, ಎರಡು ಕೆಲಸ. ಇದಕ್ಕೇ ಮಿತವ್ಯಯ ಅನ್ನೋದು."

"ಹಾಗಾದರೆ ಇದರಲ್ಲಿ ನನ್ನ ಕೆಲಸ ಏನು ಸಾರ್?"

"ಅದನ್ನೂ ಹೊಡೆದುಹಾಕಿದ್ದೀನಿ," ಎಂದರು ಸಾಹೇಬರು ಸಂತೋಷದಿಂದ.

ಬಡಗಿ ಟೇಪು ಸುತ್ತಿಕೊಂಡು, ಕೊಟ್ಟ ಚಹಾ ಕುಡಿದು ಹೋದ. (ಚಹಾದ ಖರ್ಚನ್ನು ಯಾವ ಬಾಬ್ತಿಗೆ ಹಾಕುವುದೆಂದು ಸಾಹೇಬರು ಆವತ್ತೆಲ್ಲ ಯೋಚಿಸಿದರು.)

ಊಟದ ಹೊತ್ತಿಗೆ ಸಾಹೇಬರು ಶೆಡ್ಡಿನ ಪರಿಷ್ಕೃತ ಬಜೆಟ್ಟು ಮಂಡಿಸಿದರು. ಹನ್ನೆರಡು ಸಾವಿರ ಇಳಿದು ಒಂದು ಸಾವಿರವಾಗಿತ್ತು. ಮನೆಯಾಕೆ ಬಡಿಸುತ್ತಿದ್ದ ಸೌಟನ್ನು (ಹಿಡಿ ಹೊಸದು, ಬಟ್ಟಲು ಹಳೆಯದು) ಕೆಳಗಿಟ್ಟಳು.

"ಒಂದು ಸಾವಿರಕ್ಕೆ ಶೆಡ್ಡಾ? ನಾಯಿಗೂಡೂ ಆಗಲ್ಲ."

"ಆಗುತ್ತೆ ಕಣೇ. ಇಡೀ ಇಲಾಖೆಯನ್ನ ಬೆರಳತುದಿಯಲ್ಲಿ ಆಡಿಸೋನು ನಾನು. ಒಂದು ಶೆಡ್ಡು ಯಾವ ಲೆಕ್ಕ?"

"ಪಂದ್ಯ?"

"ಪಂದ್ಯ!"

"ಹಾಗಾದರೆ ಕೇಳಿ. ಆ ಸಾವಿರದ ಮೇಲೆ ಒಂದು ಕಾಸೂ ಜಾಸ್ತಿ ಆಗಬಾರದು. ಚಳಿಗಾಲ ಮುಗಿಯೋವರೆಗೂ, ಒಲೆಗೆ ಆಗಾಗ ಹಾಕೋ ನಾಲ್ಕು ತುಂಡು ಬಿಟ್ಟು, ಒಂದು ಸೌದೆಯೂ ತಿರುಗಿ ಈ ಮನೆಯೊಳಗೆ ಬಂದು ಕೂರಬಾರದು. ಹಾಗೆ ನಡೆಸಿದರೆ, ನಾನು ಇನ್ನು ಬದುಕಿರೋವರೆಗೂ ದುಡ್ಡಿನ ವಿಷಯ ಬಾಯಿಬಿಡಲ್ಲ. ಇಲ್ಲಾಂದರೆ ಬೀರುವಿನ ಕೀಲಿಕೈ ನನ್ನದು."

ಸಾಹೇಬರ ಕೈ ಎದೆಯ ಜೇಬಿಗೆ ಹೋಯಿತು. ಸುಮ್ಮನೆ ಆಡುವ ಮಾತಲ್ಲ ಇದು. ಕೀಲಿಕೈ ಹೋದರೆ ಮನೆಯಲ್ಲಿ ಅವರ ಸ್ಥಾನ ಗೋಡೆ ಗಡಿಯಾರದಷ್ಟೇ. ಆದರೆ ಇನ್ನೊಂದು ಕಡೆ, ಹೆಂಡತಿ ದುಡ್ಡು ಕೇಳದ ಬದುಕು! ಆ ಸ್ವರ್ಗದ ಆಸೆಗೆ ಅವರು ಬಿದ್ದರು.

"ನಾನೇ ಸಾಕ್ಷಿ," ಎಂದರು ದೊಡ್ಡಮ್ಮ. ಜರಿಯ ಪ್ರಸಂಗ ಆದಾಗಿನಿಂದ ಅವರು ಸೊಸೆಯ ಪಕ್ಷ ಸೇರಿದ್ದರು.

ಸಾಹೇಬರು ಗುಜರಿ ಅಂಗಡಿಯಲ್ಲಿ ಚೌಕಾಸಿ ಮಾಡಿ ಮಾಡಿ, ಅಂಗಡಿಯವನು ಇವರನ್ನು ಕಳಿಸಿದರೆ ಸಾಕಪ್ಪಾ ಎನ್ನುವ ಹಾಗೆ ಮಾಡಿ, ಒಂಬೈನೂರಕ್ಕೆ ದೊಡ್ಡದೊಂದು ತಗಡು ತಂದರು. ಅದು ಯಾವುದೋ ಹಲ್ಲುಪುಡಿಯ ಹಳೆಯ ಜಾಹೀರಾತು ಫಲಕ. ಅದರ ತುಂಬ ಒಂದು ಬಾಯಿ, ಬಾಯಿ ತುಂಬ ಹಲ್ಲು. ಬಣ್ಣ ಬಿಸಿಲಿಗೆ ಹಾಳಾಗಬಾರದೆಂದು ಹಲ್ಲಿನ ಕಡೆಯನ್ನು ಕೆಳಮುಖ ಮಾಡಿ ಹಾಸುವುದೆಂದು ತೀರ್ಮಾನಿಸಿದರು. ಭಾನುವಾರವೆಲ್ಲ ಬೆವರು ಸುರಿಸಿ ಮನೆಯೊಳಗಿನ ಸೌದೆಯನ್ನೆಲ್ಲ ತಾವೇ ಹೊತ್ತು, ಎಡಕ್ಕೂ ಬಲಕ್ಕೂ ಆಳೆತ್ತರ ಒಟ್ಟಿ, ಮೇಲೆ ತಗಡು ಹಾಸಿ, ಮಧ್ಯೆ ಉಳಿದದ್ದನ್ನು ತುಂಬಿದರು. ಮಿಕ್ಕ ನೂರನ್ನು ಬೀರುವಿಗೆ ವಾಪಸು ಹಾಕುವಾಗ ಹೆಂಡತಿಯನ್ನೂ ತಾಯಿಯನ್ನೂ ಕರೆದು ಸಾಲಾಗಿ ನಿಲ್ಲಿಸಿದ್ದರು.

ಮನೆಯಾಕೆ ಶೆಡ್ಡಿನ ಸುತ್ತ ಒಂದು ಸುತ್ತು ಬಂದಳು. ಎಡದ ಒಟ್ಟಲು ನೋಡಿದಳು, ಬಲದ ಒಟ್ಟಲು ನೋಡಿದಳು, ತಗಡು ನೋಡಿದಳು. ಅವಳ ತುಟಿಯ ಅಂಚಿನಲ್ಲಿ ಏನೋ ಅಲುಗಿತು. "ಚೆನ್ನಾಗಿದೆ ರೀ," ಎಂದಳು. ಇಷ್ಟು ಸುಲಭಕ್ಕೆ ಹೊಗಳಿದಳಲ್ಲ ಎಂದು ಅನುಮಾನ ಪಡಬೇಕಿತ್ತು. ಸಾಹೇಬರು ಹಿಗ್ಗಿದರು.

ಕೆಲವು ವಾರ ಎಲ್ಲವೂ ಸುಸೂತ್ರ. ಮಧ್ಯದ ಸೌದೆ ಒಲೆಗೆ ಹೋಗುತ್ತಿತ್ತು, ನೀರು ಕಾಯುತ್ತಿತ್ತು, ಮನೆ ಬೆಚ್ಚಗಿರುತ್ತಿತ್ತು. ಸಾಹೇಬರು ಆಫೀಸಿನಲ್ಲಿ 'ಕಂಬರಹಿತ ನಿರ್ಮಾಣ ಪದ್ಧತಿ'ಯ ಬಗ್ಗೆ ಕಂಡಕಂಡವರಿಗೆ ಉಪನ್ಯಾಸ ಕೊಟ್ಟರು. ಇಲಾಖೆಯ ಹೊಸ ಕಟ್ಟಡಕ್ಕೂ ಇದನ್ನು ಪರಿಶೀಲಿಸಬಹುದು ಎಂದು ಮೇಲಧಿಕಾರಿಗೆ ಸಲಹೆ ಮಾಡಿದರು. ಮೇಲಧಿಕಾರಿ ಆವತ್ತೇ ರಜೆ ಹಾಕಿ ಹೋದರು.

ಆಮೇಲೆ ಮಧ್ಯದ ಸೌದೆ ಮುಗಿಯಿತು. ನಿಜವಾದ ಚಳಿ ಅದೇ ವಾರ ಬಂತು.

ಬೆಳಿಗ್ಗೆ ಮನೆಯಾಕೆ ಬುಟ್ಟಿ ಹಿಡಿದು ಹಿತ್ತಲಿಗೆ ಹೊರಟಳು. ಸಾಹೇಬರು ಹಲ್ಲುಜ್ಜುತ್ತಿದ್ದವರು ಬಾಯಲ್ಲಿ ನೊರೆ ಸಮೇತ ಓಡಿಬಂದು ಅಡ್ಡ ನಿಂತರು.

"ಎಲ್ಲಿಗೆ?"

"ಸೌದೆಗೆ."

"ಯಾವ ಸೌದೆ? ಅದು ಗೋಡೆ ಕಣೇ! ಯಾರಾದರೂ ಗೋಡೆ ಕಿತ್ತು ಒಲೆಗೆ ಹಾಕ್ತಾರಾ?"

"ನೀವೇ ತಾನೇ ಹೇಳಿದ್ದು, ಒಂದೇ ವಸ್ತು, ಎರಡು ಕೆಲಸ ಅಂತ? ಒಂದು ಕೆಲಸ ಆಯ್ತು. ಇನ್ನೊಂದು ಮಾಡಿಸ್ತೀನಿ."

"ಈ ವಾರ ಬೇಡ. ತಣ್ಣೀರು ಆರೋಗ್ಯಕ್ಕೆ ಒಳ್ಳೇದು. ರಕ್ತ ಚುರುಕಾಗುತ್ತೆ."

ಹೊಸ ಸೌದೆ ಕೊಂಡರೆ ಆಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಕೊಂಡರೆ ಪಂದ್ಯದ ಲೆಕ್ಕ ಸಾವಿರ ದಾಟುತ್ತದೆ. ಮೇಲಾಗಿ, ತಂದದ್ದನ್ನು ಇಡುವುದೆಲ್ಲಿ? ಒಟ್ಟಲಿಗೆ ಸೇರಿಸಿದರೆ ಅದೂ ಗೋಡೆಯೇ ಆಗಿಬಿಡುತ್ತದೆ, ಅದನ್ನೂ ಮುಟ್ಟುವ ಹಾಗಿಲ್ಲ. ಹೀಗಾಗಿ ಹಿತ್ತಲಲ್ಲಿ ಎರಡು ಗಾಡಿ ಒಣಸೌದೆ ಇಟ್ಟುಕೊಂಡು ಆ ಕುಟುಂಬ ಗಡಗಡ ನಡುಗತೊಡಗಿತು. ಸಾಹೇಬರು ಮಾದರಿಯಾಗಬೇಕೆಂದು ತಣ್ಣೀರಿನಲ್ಲಿ ಸ್ನಾನ ಮಾಡಿದರು. ಒಳಗಿನಿಂದ ಬಂದ ಕೂಗಿಗೆ ಬೀದಿಯ ಕೊನೆಯ ಮನೆಯವರು ಬಾಗಿಲು ತೆರೆದು ನೋಡಿದರು. ಸಾಹೇಬರು ಕೋಟು ಹಾಕಿಕೊಂಡೇ ಮಲಗಿದರು, ಕಾಲುಚೀಲದ ಮೇಲೆ ಕಾಲುಚೀಲ ಹಾಕಿಕೊಂಡರು, ಆದರೂ ಬೆಳಗಾದರೆ ಮೊದಲು ಹಿತ್ತಲಿಗೆ ಹೋಗಿ ಎರಡು ಒಟ್ಟಲನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಬರುತ್ತಿದ್ದರು. ಒಂದು ತುಂಡೂ ಕಡಿಮೆಯಾದ ಹಾಗೆ ಕಾಣುತ್ತಿರಲಿಲ್ಲ.

ಇದರ ನಡುವೆ ಒಂದು ವಿಚಿತ್ರ ನಡೆಯಿತು. ಸಂಜೆ ಆಫೀಸಿನಿಂದ ಮನೆಗೆ ಬಂದರೆ ಒಳಗೆ ಹಿತವಾದ ಬಿಸಿ ಇರುತ್ತಿತ್ತು. ದೊಡ್ಡಮ್ಮ ಶಾಲು ತೆಗೆದುಹಾಕಿ, ಆಗತಾನೆ ಮಿಂದವರ ಹಾಗೆ ಕೆಂಪಗೆ ಕೂತಿರುತ್ತಿದ್ದರು.

"ನೋಡಿದ್ರಾ?" ಎಂದರು ಸಾಹೇಬರು. "ಚಳಿ ಅನ್ನೋದೆಲ್ಲ ಮನಸ್ಸಿನಲ್ಲಿ ಇರೋದು. ಅಭ್ಯಾಸ ಆಯ್ತು, ಹೋಯ್ತು."

ಅತ್ತೆಯೂ ಸೊಸೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಹೌದು ಮಗಾ, ಎಲ್ಲಾ ಮನಸ್ಸಿನಲ್ಲೇ ಇರೋದು," ಎಂದರು ದೊಡ್ಡಮ್ಮ.

ನಡೆದದ್ದೇನೆಂದರೆ, ಸಾಹೇಬರ ಸೈಕಲ್ಲು ಬೀದಿಯ ತಿರುವು ದಾಟುವುದೇ ತಡ, ಅತ್ತೆ ಸೊಸೆ ಇಬ್ಬರೂ ಬುಟ್ಟಿ ಹಿಡಿದು ಶೆಡ್ಡಿನೊಳಗೆ ಹೊಕ್ಕು, ಬಲದ ಒಟ್ಟಲಿನ ಒಳಮೈಯಿಂದ ಒಂದೊಂದೇ ಸೌದೆ ಎಳೆದುಕೊಳ್ಳುತ್ತಿದ್ದರು. ಮಂಡಿನೋವಿನ ದೊಡ್ಡಮ್ಮನೇ ಇದರಲ್ಲಿ ಮುಂದಾಳು. ಹೊರಗಿನಿಂದ ನೋಡಿದರೆ ಒಟ್ಟಲು ಇದ್ದ ಹಾಗೇ ಇತ್ತು. ಒಳಗೆ ಹೋಗಿ ನೋಡಿದ್ದರೆ ಒಬ್ಬ ಮನುಷ್ಯ ಆರಾಮಾಗಿ ಕೂತು ಪೇಪರು ಓದುವಷ್ಟು ಪೊಳ್ಳಾಗಿತ್ತು. ಆದರೆ ಬಗ್ಗಿ ಒಳಗೆ ನೋಡಲು ಸಾಹೇಬರಿಗೆ ಸೊಂಟ ಬಗ್ಗುತ್ತಿರಲಿಲ್ಲ, ಕೋಟಿನ ಮೇಲೆ ಕೋಟು ಹಾಕಿದ್ದರಲ್ಲ.

ಒಂದು ಭಾನುವಾರ ಮಧ್ಯಾಹ್ನ ಕಳೆದು ಮೋಡ ಕವಿಯಿತು. ಗಾಳಿ ಎದ್ದಿತು. ಹಿತ್ತಲಿನಿಂದ ಟಕ್ ಟಕ್ ಎಂದು ಸದ್ದು ಬಂತು. ಸಾಹೇಬರು ಹೋಗಿ ನೋಡಿದರೆ, ಬಲದ ಒಟ್ಟಲು ಊಟ ಹೆಚ್ಚಾದವರ ಹಾಗೆ ನಿಧಾನವಾಗಿ ಪಕ್ಕಕ್ಕೆ ವಾಲುತ್ತಿತ್ತು. ಅವರು "ಅಯ್ಯಯ್ಯೋ" ಎನ್ನುವಷ್ಟರಲ್ಲಿ ಅದು ಧಡಧಡ ಕುಸಿಯಿತು. ತಗಡಿನ ಆ ಮೂಲೆ ಕೆಳಗೆ ಇಳಿಯಿತು. ಸಾಹೇಬರು ಹಿಂದುಮುಂದು ನೋಡದೆ ನುಗ್ಗಿ, ಎರಡೂ ಕೈಯಿಂದ ತಗಡನ್ನು ಮೇಲೆತ್ತಿ ನಿಂತುಬಿಟ್ಟರು. ಅದೇ ಹೊತ್ತಿಗೆ ಮಳೆ ಶುರುವಾಯಿತು.

ಎತ್ತಿದ ಕೈ ಇಳಿಸುವ ಹಾಗಿಲ್ಲ. ಇಳಿಸಿದರೆ ತಗಡು ಜಾರುತ್ತದೆ, ಉಳಿದ ಸೌದೆಯೆಲ್ಲ ತೊಯ್ದು ಮುದ್ದೆಯಾಗುತ್ತದೆ, ಚಳಿಗಾಲವಿಡೀ ಒಲೆ ಹೊಗೆಯನ್ನೇ ಉಗುಳಬೇಕಾಗುತ್ತದೆ. ಅವರ ನೆತ್ತಿಯ ಮೇಲೆಯೇ ಹಲ್ಲುಪುಡಿಯ ಆ ಬಾಯಿ ಇದ್ದಬದ್ದ ಹಲ್ಲನ್ನೆಲ್ಲ ಕಿರಿಯುತ್ತಿತ್ತು.

"ಲೇ! ಬಾರೇ ಇಲ್ಲಿ! ಬೇಗ ಬಾ!"

ಮನೆಯಾಕೆ ಕೊಡೆ ಹಿಡಿದು ಬಂದಳು. ಅವಸರವೇನೂ ಇರಲಿಲ್ಲ. ಹಿಂದೆಯೇ ದೊಡ್ಡಮ್ಮ ಬಾಗಿಲಿಗೆ ಕುರ್ಚಿ ಎಳೆದುಕೊಂಡು ಕೂತರು.

"ಏನ್ರೀ ಇದು, ಮಳೇಲಿ ವ್ಯಾಯಾಮ?"

"ಸೌದೆ ತೊಯ್ತಾ ಇದೆ ಕಣೇ! ಏನಾದರೂ ಮಾಡು!"

"ಏನು ಮಾಡ್ಲಿ? ಒಳಗೆ ಸಾಗಿಸಬಹುದು. ಆದರೆ ಪಂದ್ಯ ಇದೆಯಲ್ಲ? ಒಂದು ಸೌದೆ ಒಳಗೆ ಬಂದು ಕೂತರೂ..." ಎಂದು ಆಕೆ ಕೊಡೆಯನ್ನು ಒಂದು ಸುತ್ತು ತಿರುಗಿಸಿದಳು. "ನೀವೇ ಹೇಳಿ. ಅಪ್ಪಣೆ ಇಲ್ಲದೆ ನಾನು ಯಾವತ್ತು ಏನು ಮಾಡಿದ್ದೀನಿ?"

ಸಾಹೇಬರು ಆಕಾಶ ನೋಡಿದರು. ಕಂಡದ್ದು ಹಲ್ಲು. ತೋಳು ಸೋತು ನಡುಗುತ್ತಿತ್ತು. ತೋಳಿನೊಳಗಿಂದ ನೀರು ಇಳಿದು ಕಂಕುಳು ದಾಟಿ ಕಾಲುಚೀಲದವರೆಗೂ ಪ್ರಯಾಣ ಮಾಡಿತ್ತು. ಅವರಿಗೆ ನಿಜವಾಗಿಯೂ ಅಳು ಬಂತು. ಆದರೂ ಒಂದು ಕೊನೆಯ ಆಟ ಆಡಿ ನೋಡಿದರು.

"ಕುಸಿದದ್ದು ಪ್ರಕೃತಿ ವಿಕೋಪ. ಅದು ಪಂದ್ಯದಲ್ಲಿ ಸೇರಲ್ಲ."

"ಹೌದಾ? ಆ ಎಂಜಿನಿಯರು ಒಂದೇ ಇಟ್ಟಿಗೆಯನ್ನ ಗೋಡೆಗೂ ಚರಂಡಿಗೂ ತೋರಿಸಿದಾಗ ನೀವೇನು ಮಾಡಿದ್ರಿ?"

ಆ ಕಥೆ ಹೇಳುವ ಅವಕಾಶ ಸಿಕ್ಕರೆ ಸಾಹೇಬರು ಎಂಥ ಸ್ಥಿತಿಯಲ್ಲೂ ಬಿಡುವವರಲ್ಲ. "ವಸೂಲಿ ಮಾಡಿದೆ," ಎಂದುಬಿಟ್ಟರು.

ಹೇಳಿದ ಮೇಲೆ ಅರ್ಥವಾಯಿತು. ಆ ಬಡಪಾಯಿ ಇಟ್ಟಿಗೆಯನ್ನು ಎರಡು ಕಡೆ ತೋರಿಸಿದ್ದ, ಇವರು ಸೌದೆಯನ್ನು ತೋರಿಸಿದ್ದರು. ಮಳೆಯಲ್ಲಿ ತೊಯ್ದ ಅವರ ಮುಖ ಇನ್ನಷ್ಟು ಸಣ್ಣದಾಯಿತು.

"ಒಳಗೆ ಸಾಗಿಸು," ಎಂದರು, ತಮಗೂ ಕೇಳಿಸದಷ್ಟು ಮೆಲ್ಲಗೆ.

"ಅತ್ತೆ, ಕೇಳಿಸ್ತಾ?"

"ಸ್ಪಷ್ಟವಾಗಿ ಕೇಳಿಸ್ತು ಕಣಮ್ಮಾ," ಎಂದರು ಬಾಗಿಲಲ್ಲಿದ್ದ ಸಾಕ್ಷಿ.

ಮನೆಯಾಕೆ ಹತ್ತಿರ ಬಂದಳು. ಗಂಡನ ಎದೆಯ ಜೇಬಿಗೆ ಎರಡು ಬೆರಳು ಹಾಕಿದಳು. ಸಾಹೇಬರು ತಮ್ಮ ಕೀಲಿಕೈ ಜೇಬಿನಿಂದ ಹೊರಟು, ಕಣ್ಣ ಮುಂದೆಯೇ ಹಾದು, ಹೆಂಡತಿಯ ಸೊಂಟ ಸೇರುವುದನ್ನು ನೋಡುತ್ತಾ ನಿಂತರು. ಹಿಡಿದು ತಡೆಯೋಣವೆಂದರೆ ಎರಡು ಕೈಯೂ ಛಾವಣಿಯಲ್ಲಿದ್ದವು. ಜನ್ಮದಲ್ಲಿ ಯಾವ ಗುತ್ತಿಗೆದಾರನ ಮುಂದೆಯೂ ಕೈ ಎತ್ತದವರು ಆವತ್ತು ಸೌದೆ ಸಾಗಿ ಮುಗಿಯುವವರೆಗೂ ಕೈ ಎತ್ತಿಕೊಂಡೇ ಇದ್ದರು.

ಸೌದೆ ಒಳಗೆ ಹೋಯಿತು. ಮಂಚದ ಕೆಳಗೆ, ಸೋಫಾದ ಹಿಂದೆ, ಬಚ್ಚಲುಮನೆಯ ಬಾಗಿಲ ಮರೆಗೆ, ಪ್ರತಿಯೊಂದೂ ತನ್ನ ತನ್ನ ಹಳೆಯ ಜಾಗವನ್ನು ಸೇರಿತು. ಅರ್ಧ ಕೆಲಸವಾದಾಗ ಮನೆಯಾಕೆ ಬಿಸಿ ಕಾಫಿ ತಂದಳು. ಗಂಡನಿಗೆ ಕೈ ಬಿಡುವಿಲ್ಲದ್ದರಿಂದ ತಾನೇ ಲೋಟ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು. ಸಾಹೇಬರು ಬೆಚ್ಚಿ ಕಣ್ಣರಳಿಸಿದರು.

"ಸಕ್ಕರೆ ಜಾಸ್ತಿಯಾಗಿದೆ."

"ಎರಡು ಚಮಚ ಹಾಕಿದ್ದೀನಿ. ಹೊಸ ಬಜೆಟ್ಟು," ಎಂದಳು.

ಕೊನೆಯ ತುಂಡು ಒಳಗೆ ಹೋದ ಮೇಲೆ ಅವರು ತಗಡನ್ನು ಬಿಟ್ಟರು. ಅದು ದಬಾರೆಂದು ಮಗುಚಿ ಬಿದ್ದು, ಆಕಾಶಕ್ಕೆ ಹಲ್ಲು ತೋರಿಸುತ್ತಾ ಮಲಗಿತು. ಆ ಕಾಫಿ ಬಹಳ ಚೆನ್ನಾಗಿತ್ತು ಎಂಬುದನ್ನು ಮಾತ್ರ ಸಾಹೇಬರು ಯಾರಿಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಬಡಗಿ, ಅದೇ ಟೇಪು, ಕಿವಿಯ ಮೇಲೆ ಅದೇ ಪೆನ್ಸಿಲ್ಲು. ಸಾಹೇಬರು ಎರಡು ಕಂಬಳಿ ಹೊದ್ದು, ಬೊಡ್ಡೆಯ ಮೇಲೆ ಕೂತು ಸೀನುತ್ತಿದ್ದರು. ತೋಳುಗಳು ಮಾತ್ರ ಇನ್ನೂ ಪೂರ್ತಿ ಕೆಳಗೆ ಇಳಿದಿರಲಿಲ್ಲ. ಬಡಗಿ ಈ ಸಲ ಅವರ ಕಡೆ ನೋಡಲಿಲ್ಲ. ಕೀಲಿಕೈ ಯಾರ ಸೊಂಟದಲ್ಲಿದೆ ಎಂಬುದನ್ನು ಬಾಗಿಲಲ್ಲೇ ಕಂಡುಕೊಂಡಿದ್ದ.

"ಬಾಗಿಲು ಇರಲಾ ಅಮ್ಮಾ?"

"ಇರಲಿ. ಚಿಲಕಾನೂ ಹಾಕು."

"ಇಟ್ಟಿಗೆ ಹಾಸು?"

"ಹಾಕು."

"ಮೂರು ಕಡೆ ಹಲಗೆ?"

"ಗಟ್ಟಿಯಾದದ್ದೇ ಹಾಕು."

ಒಂದೊಂದು 'ಹಾಕು'ವಿಗೂ ಕಂಬಳಿಯೊಳಗಿಂದ ಒಂದೊಂದು ನರಳಾಟ ಕೇಳಿಬಂತು. ಕೊನೆಗೆ ತಡೆಯಲಾರದೆ ಸಾಹೇಬರು ಮೂಗು ಒರೆಸಿಕೊಂಡು ಬಾಯಿ ಹಾಕಿದರು.

"ಎಲ್ಲಾದರೂ ಒಂದು ಕಡೆ ಉಳಿತಾಯ ಮಾಡೇ. ನನ್ನ ಮಾನ ಉಳಿಯೋದಕ್ಕಾದರೂ ಏನಾದರೂ ಒಂದನ್ನ ಕಡಿಮೆ ಮಾಡು."

ಮನೆಯಾಕೆ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಅರ್ಧಕ್ಕೆ ಎತ್ತಿಯೇ ಇದ್ದ ಆ ತೋಳುಗಳನ್ನೂ ನೋಡಿದಳು.

"ಆಯ್ತು," ಎಂದು ಬಡಗಿಯ ಕಡೆ ತಿರುಗಿದಳು. "ಕಂಬ ನಾಲ್ಕು ಬೇಡ, ಮೂರು ಸಾಕು. ನಾಲ್ಕನೇದು ಮನೇಲೇ ಇದೆ."

ಬಡಗಿ ತಲೆಯಾಡಿಸಿ ಎದ್ದ. ಟೇಪು ಬಿಚ್ಚಿ, ಒಂದು ತುದಿಯನ್ನು ಸಾಹೇಬರ ಹಿಮ್ಮಡಿಗೆ ಒತ್ತಿ ಹಿಡಿದು, "ಸ್ವಲ್ಪ ಎದ್ದು ನಿಲ್ಲಿ ಸಾರ್," ಎಂದ.